ಛತ್ರದ ಖರ್ಚು

ಲೂಕನ ಸುವಾರ್ತೆಯಲ್ಲಿ ಬರುವ ಧರ್ಮಶಾಸ್ತ್ರಿಗೆ ನೆರೆಯವನನ್ನು ಪ್ರೀತಿಸಬೇಕೆಂಬುದು ಚೆನ್ನಾಗಿ ಗೊತ್ತು. ನೆರೆಯವನೆಂದರೆ ಯಾರು ಎಂಬುದಷ್ಟೇ ಅವನು ಯೇಸುವಿಗೆ ಹಾಕುವ ಪ್ರಶ್ನೆ. ಜಾಣ ಪ್ರಶ್ನೆ. ಒಂದು ಗೆರೆ ಎಳೆಸಿಕೊಂಡರೆ ಆಚೆಯವರ ಗೊಡವೆಯೇ ಇರುವುದಿಲ್ಲ.

ಹಾವೇರಿ ಜಿಲ್ಲೆಯವರಿಗೆ ಈ ಗೆರೆ ಹೊಸದಲ್ಲ. ಹಿರೇಕೆರೂರಿನಲ್ಲೋ ಶಿಗ್ಗಾವಿಯಲ್ಲೋ ಗೋವಿನಜೋಳ ಕೈಕೊಟ್ಟು ಸಾಲಗಾರ ರೈತನೊಬ್ಬ ಜೀವ ಕಳೆದುಕೊಂಡರೆ, ಆ ಮನೆಗೆ ಸರಕಾರ 5 ಲಕ್ಷ ರೂಪಾಯಿ ಕೊಡುತ್ತದೆ. ಆದರೆ ಅದಕ್ಕೆ ಮೊದಲು ಉಪವಿಭಾಗಾಧಿಕಾರಿಯ ಸಮಿತಿ ಕೂಡಬೇಕು, ಸತ್ತವನು ರೈತನೇ, ಸಾಲಕ್ಕೇ ಸತ್ತನೇ ಎಂದು ಕಾಗದ ನೋಡಬೇಕು. ಲಾವಣಿ ಹೊಲ ಮಾಡಿದವನ ಹೆಸರು ಉತಾರದಲ್ಲಿ ಇರುವುದಿಲ್ಲ. ಕೈಗಡಕ್ಕೆ, ಗೊಬ್ಬರದಂಗಡಿಯ ಉದ್ರಿಗೆ ಪಾವತಿ ಇರುವುದಿಲ್ಲ. ಸರಕಾರಕ್ಕೆ ನಿಯಮ ಬೇಕು, ಒಪ್ಪೋಣ. ಆದರೆ ಧರ್ಮವೂ ಅದೇ ಪ್ರಶ್ನೆ ಕೇಳುತ್ತ ಕೂತರೆ?

ಕಷ್ಟವನ್ನು ರುಜುವಾತು ಮಾಡಿ ತೋರಿಸೆಂದು ಬಡವನಿಗೆ ಹೇಳುವುದರ ಕೊನೆ ಎಲ್ಲಿ ಎಂಬುದನ್ನು ಇದೇ ಜಿಲ್ಲೆಯ ಸವಣೂರು ಕಂಡಿದೆ. 2010ರ ಜುಲೈಯಲ್ಲಿ ಅಲ್ಲಿನ, ಮಲ ಹೊರುವ ಭಂಗಿ ಸಮುದಾಯದವರು, ತಮ್ಮನ್ನು ಒಕ್ಕಲೆಬ್ಬಿಸುವುದನ್ನು ವಿರೋಧಿಸಿ, ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡರು. ಮಲ ಹೊರುವುದನ್ನು ನಿಷೇಧಿಸಿದ ಕಾನೂನು 1993ರದು. ಹದಿನೇಳು ವರ್ಷ ಊರು ನೋಡದೇ ಇದ್ದುದನ್ನು ಅವರು ಒಂದು ಹೊತ್ತಿನಲ್ಲಿ ತೋರಿಸಿದರು. ನಾಡು ಮೂಗು ಮುಚ್ಚಿಕೊಂಡೇ ತಿರುಗಿ ನೋಡಿತು.

ಯೇಸು ಶಾಸ್ತ್ರಿಗೆ ಗೆರೆ ಎಳೆದುಕೊಡಲಿಲ್ಲ, ಕತೆ ಹೇಳಿದ. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಯಲ್ಲಿ ಕಳ್ಳರು ಬಡಿದು ಕೆಡವಿದ ಒಬ್ಬ. ಪೂಜಾರಿ ಬಂದ, ದೇವಾಲಯದ ಸೇವೆಯ ಲೇವಿಯವನು ಬಂದ, ಇಬ್ಬರೂ ಬದಿಗೆ ಸರಿದು ಹೋದರು. ಎತ್ತಿದವನು ಸಮಾರ್ಯದವನು, ಕತೆ ಕೇಳುತ್ತ ನಿಂತವರು ಹೊರಗಿಟ್ಟ ಜನಾಂಗದವನು. ಎಲ್ಲ ಪ್ರವಚನಗಳೂ ಇಲ್ಲಿಗೆ ಮುಗಿಯುತ್ತವೆ. ನನಗೆ ದೊಡ್ಡದಾಗಿ ಕಾಣುವುದು ಮರುದಿನದ ಬೆಳಿಗ್ಗೆ. ಆತ ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ, ಅಂದರೆ ಎರಡು ದಿನದ ಕೂಲಿ, ಕೊಟ್ಟು, ಹೆಚ್ಚು ಖರ್ಚಾದರೆ ಹಿಂತಿರುಗುವಾಗ ತೀರಿಸುತ್ತೇನೆ ಅನ್ನುತ್ತಾನೆ. ಗಾಯಗೊಂಡವನಿಗೆ ನಿನ್ನ ದೇವರು ಯಾರೆಂದು ಕೇಳುವುದಿಲ್ಲ, ನನ್ನ ದೇವರಿಗೆ ಕೈಮುಗಿ ಅನ್ನುವುದೂ ಇಲ್ಲ. ರಸ್ತೆಯ ಮೇಲಿನ ಕರುಣೆ ಒಂದು ಗಳಿಗೆಯದು, ಛತ್ರದ ಲೆಕ್ಕ ಬೆಳೆಯುವಂಥದು.

ಇಲ್ಲಿ ಕ್ರೈಸ್ತರು ತಮ್ಮ ಇತಿಹಾಸವನ್ನೂ ನೇರವಾಗಿ ನೋಡಬೇಕು. 1876–78ರ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಬಾಸೆಲ್ ಮಿಶನ್ನಿನವರು ಅನಾಥ ಮಕ್ಕಳನ್ನು ತಂದು ಸಾಕಿದರು. ಆ ಮಕ್ಕಳು ಕ್ರೈಸ್ತರಾಗಿ ಬೆಳೆದರು. ಸಾಕದಿದ್ದರೆ ಸಾಯುತ್ತಿದ್ದರು ಎಂಬುದು ನಿಜ. ಹಸಿದ ಕೂಸಿನ ಒಪ್ಪಿಗೆ ಒಪ್ಪಿಗೆಯಲ್ಲ ಎಂಬುದೂ ನಿಜ. ಅನ್ನದ ಜೊತೆ ಕರಾರು ಬಂದರೆ ಅದು ಸಮಾರ್ಯದವನ ದಾರಿಯಲ್ಲ. ಹಾಗೆಂದು ಮತಾಂತರದ ಈ ಅಪವಾದವನ್ನೇ ನೆಪ ಮಾಡಿ, ಎತ್ತುವವನ ಕೈ ಹಿಡಿದು ನಿಲ್ಲಿಸಿ ತಾವೂ ಎತ್ತದವರಿಗೆ ಕತೆಯಲ್ಲಿ ಸಿಗುವ ಜಾಗ ಆ ಪೂಜಾರಿಯ ಪಕ್ಕ. ಎತ್ತಲು ಕ್ರೈಸ್ತರೇ ಆಗಬೇಕೆಂದಿಲ್ಲ. ಹಾನಗಲ್ಲಿನ ಮಠದ ಕುಮಾರಸ್ವಾಮಿಗಳು ಕಾಡಶೆಟ್ಟಿಹಳ್ಳಿಯ ಕುರುಡು ಹುಡುಗ ಗದಿಗೆಯ್ಯನನ್ನು ಕರೆತಂದು ಸಂಗೀತ ಕಲಿಸಿದರು. ಪಂಚಾಕ್ಷರಿ ಗವಾಯಿಗಳಾದ ಆ ಹುಡುಗ ಎಷ್ಟೋ ಕುರುಡು ಮಕ್ಕಳಿಗೆ ತಾನೇ ಛತ್ರವಾದ. ಕರೆ ಬೈಬಲ್ಲಿನದು, ಓಗೊಡುವವರು ಯಾರಾದರೂ ಆಗಬಹುದು. ಕತೆಯ ಸಮಾರ್ಯದವನೇ ಅದಕ್ಕೆ ಸಾಕ್ಷಿ.

ಇವತ್ತಿನ ಗಾಯ ವಾರದ ಕಂತು. ಸಂಘದ ಸಾಲಕ್ಕೆ ಓಣಿಯ ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ಜಾಮೀನು. ಒಬ್ಬಾಕೆಯ ಕಂತು ತಪ್ಪಿದರೆ ವಸೂಲಿಗೆ ಬಂದವನು ಕಟ್ಟೆ ಬಿಟ್ಟು ಏಳುವುದಿಲ್ಲ. ಉಳಿದವರೂ ನಿಂತು ಆಕೆಯನ್ನೇ ಬಯ್ಯಬೇಕು. 2025ರ ಜನವರಿಯಲ್ಲಿ ಈ ಕಾಟ ತಾಳದೆ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ತಾಳಿಯನ್ನೇ ಅಂಚೆಯಲ್ಲಿ ಮುಖ್ಯಮಂತ್ರಿಗೆ ಕಳಿಸಿದರು. ಮರುತಿಂಗಳು ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ಬಂತು. ಬೈಬಲ್ಲಿನ ಧರ್ಮೋಪದೇಶಕಾಂಡ ಈ ಮಾತನ್ನು ಎಂದೋ ಆಡಿದೆ: ಬೀಸುವ ಕಲ್ಲನ್ನು ಒತ್ತೆ ಇಟ್ಟುಕೊಳ್ಳಬಾರದು, ಅದು ಜೀವವನ್ನೇ ಒತ್ತೆ ಇಟ್ಟುಕೊಂಡಂತೆ, ಬಡವನ ಹೊದಿಕೆ ಹೊತ್ತು ಮುಳುಗುವುದರೊಳಗೆ ಅವನಿಗೆ ಸೇರಬೇಕು. ಯೇಸು ಕಲಿಸಿದ, ಚರ್ಚುಗಳಲ್ಲಿ ದಿನವೂ ಹೇಳುವ ಪ್ರಾರ್ಥನೆಯಲ್ಲಿ ನಾವು ‘ತಪ್ಪು’ ಎಂದು ಓದುವ ಕಡೆ ಮತ್ತಾಯನ ಸುವಾರ್ತೆಯ ಗ್ರೀಕಿನಲ್ಲಿ ಇರುವ ಪದ ‘ಸಾಲ’. ಅನುವಾದದಲ್ಲಿ ಎಷ್ಟು ಹಗುರಾಯಿತು ನೋಡಿ.

ಹಾನಗಲ್ಲಿನಲ್ಲಿ ಲೊಯೋಲ ವಿಕಾಸ ಕೇಂದ್ರ, ರೋಶನಿ ಸಮಾಜ ಸೇವಾ ಸಂಸ್ಥೆಗಳು ಹಳ್ಳಿಯ ಹೆಣ್ಣುಮಕ್ಕಳನ್ನು ಸಂಘಟಿಸುತ್ತ ಬಂದಿವೆ. ಸದ್ದಿಲ್ಲದ, ಫೋಟೋಕ್ಕೆ ಒದಗದ, ಛತ್ರದ ಕೆಲಸ ಅದು. ಕ್ರಿಸ್‌ಮಸ್ಸಿಗೆ ಕಂಬಳಿ ಹಂಚುವವರು ಹಂಚಲಿ. ಮುಂದಿನ ಕಂತಿನ ದಿನ ಅದೇ ಮನೆಗೆ ಇನ್ನೊಮ್ಮೆ ಬಂದು, ವಸೂಲಿಯವನಿಗಿಂತ ಮೊದಲೇ ಆ ಕಟ್ಟೆಯ ಮೇಲೆ ಕೂಡ್ರಲಿ.