ಕಠಾರಿಗೆ ಹೆಸರು ಹಾಕಿಸಲು ಹೊರಟವರು

ಸ್ಟೀಲ್ ಪಾತ್ರೆ ಕೊಂಡ ಕೂಡಲೇ ಅಂಗಡಿಯಲ್ಲೇ ನಿಂತು ಹೆಸರು ಹಾಕಿಸುತ್ತೇವಲ್ಲ, ಹಾಗೆಯೇ ನಮ್ಮ ಮನೆಯ ಕಠಾರಿಗೂ ಒಂದು ಹೆಸರು ಹಾಕಿಸಲು ನನ್ನ ಮೈದುನ ಹೊರಟಿದ್ದ. ತನ್ನ ಹೆಸರಲ್ಲ, ನಮ್ಮ ಮಾವನವರ ಹೆಸರೂ ಅಲ್ಲ. ಟಿಪ್ಪು ಸುಲ್ತಾನನ ಹೆಸರು!

ಸೋಂಪುರದಲ್ಲಿ ಈಗ ಹಳೆಯ ಹೆಂಚಿನ ಮನೆಗಳನ್ನು ಕೆಡವುವ ಕಾಲ. ಕಾರ್ಖಾನೆಗಳು ಬಂದವು, ಜಮೀನಿಗೆ ಬೆಲೆ ಬಂತು, ಮನೆ ಪಾಲಾದವು. ಮನೆ ಕೆಡವುವ ಸುದ್ದಿ ಸಿಕ್ಕರೆ ಸಾಕು, ಕಂಬ, ಬಾಗಿಲು, ಹಿತ್ತಾಳೆ ಹಂಡೆ ಕೇಳಿಕೊಂಡು ವ್ಯಾಪಾರಿಗಳು ಬರುತ್ತಾರೆ. ಹಾಗೆ ಬಂದವನೊಬ್ಬ ನಮ್ಮ ದೇವರ ಗೂಡಿನಲ್ಲಿದ್ದ ಕಠಾರಿಯನ್ನು ಬೆಳಕಿಗೆ ಹಿಡಿದು, "ನೋಡಿ ಅಮ್ಮಾವ್ರೆ, ಹುಲಿಪಟ್ಟೆ! ಇದು ಟಿಪ್ಪುವಿನದೇ" ಅಂದ. ಇನ್ನೆರಡು ಮನೆ ಆಚೆ ಹೋಗಿ ಅಂಥದ್ದೇ ಇನ್ನೊಂದನ್ನು ಕೆಂಪೇಗೌಡರದು ಅಂದನಂತೆ. ಎದುರಿಗೇ ಶಿವಗಂಗೆ ಬೆಟ್ಟವಿದೆಯಲ್ಲ, ಕೆಂಪೇಗೌಡರನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ.

ಅವನು ತೋರಿಸಿದ ಹುಲಿಪಟ್ಟೆ ಯಾವುದೆಂದು ನನಗೆ ಗೊತ್ತು. ಅದು ನಾನೇ ಎಳೆದದ್ದು.

ಮದುವೆಯಾಗಿ ಈ ಮನೆಗೆ ಬಂದ ಮೊದಲ ಆಯುಧಪೂಜೆಗೆ ಅತ್ತೆ ಕಠಾರಿಯನ್ನು ನನ್ನ ಕೈಗೆ ಕೊಟ್ಟು, "ಮುಖ ಕಾಣಂಗೆ ಉಜ್ಜಮ್ಮ" ಅಂದಿದ್ದರು. ಒಂದೂವರೆ ಗೇಣಿನ ಅಲಗು, ಏಣಿಯ ಎರಡು ಮೆಟ್ಟಿಲಿನ ಹಾಗೆ ಅಡ್ಡಪಟ್ಟಿಗಳಿರುವ ಹಿಡಿ. ಅಲಗಿನ ಮೇಲೆ, ಕೆರೆಯ ನೀರಿಗೆ ಗಾಳಿ ಸೋಕಿದಾಗ ಏಳುತ್ತದಲ್ಲ, ಅಂಥ ಸಣ್ಣ ಸಣ್ಣ ಅಲೆಗಳಿದ್ದವು. ಕಲೆ ಎಂದುಕೊಂಡೆ. ಹುಣಸೆಹಣ್ಣು, ಇಟ್ಟಿಗೆ ಪುಡಿ, ತೆಂಗಿನ ನಾರು. ಅದೂ ಸಾಲದ ವರ್ಷ ಉಪ್ಪುಕಾಗದ. ಮೂವತ್ತು ವರ್ಷ ಉಜ್ಜಿದ್ದೇನೆ. ಅಲೆ ಹೋಯಿತು, ಗೀರು ಬಂತು. ಅತ್ತೆಗೆ ಮಾತ್ರ ನನ್ನ ಮೇಲೆ ಬಹಳ ಸಂತೋಷ.

ಆ ಅಲೆಗಳೇನೆಂದು ತಿಳಿದದ್ದು ತೀರ ತಡವಾಗಿ. ನಮ್ಮ ಸೀಮೆಯ ಉಕ್ಕಿನ ಗುರುತದು. ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಟ್ಟಿಗೆ, ಹಸಿ ಎಲೆಗಳ ಜೊತೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ತಿದಿ ಊದಿ ಕಾಯಿಸುತ್ತಿದ್ದರು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು ರಾಜ್ಯ ಸುತ್ತಲು ಬಂದ ಬುಕನನ್ ಈ ಕೆಲಸವನ್ನು ಕಂಡು ಬರೆದಿಟ್ಟಿದ್ದಾನೆ. ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ 1819ರಲ್ಲಿ ಇದೇ ಬಗೆಯ ಉಕ್ಕಿನ ಗುಟ್ಟು ಹುಡುಕುತ್ತ ಕುಳಿತಿದ್ದ. ಅವರು ಅದನ್ನು 'ವೂಟ್ಸ್' ಎಂದರು. ನಮ್ಮ 'ಉಕ್ಕು' ಎಂಬ ಮಾತೇ ಹಾಗಾಯಿತೆಂದು ಹೇಳುತ್ತಾರೆ. ಫ್ಯಾರಡೆ ಹುಡುಕಿದ್ದನ್ನು ನಾನು ಬಚ್ಚಲಲ್ಲಿ ಕೂತು ತೊಳೆದೆ.

ಮಗಳು ಲೈಬ್ರರಿಯಿಂದ ತಂದ ಪುಸ್ತಕವೊಂದರಲ್ಲಿ ಜಪಾನಿನವರ ಕಠಾರಿಗಳ ವಿಷಯ ಓದಿದೆ. ಒಂದಡಿಗಿಂತ ಚಿಕ್ಕ ಅಲಗಿಗೆ ಅವರಲ್ಲಿ 'ತಾಂತೋ' ಎಂದು ಹೆಸರು. ಮಾಸಮುನೆ ಅವರ ಬಹು ದೊಡ್ಡ ಕಮ್ಮಾರ; ಅವನದೆಂದು ಒಪ್ಪಿರುವ ಕತ್ತಿಗಳಲ್ಲಿ ಹೆಚ್ಚಿನವಕ್ಕೆ ಸಹಿಯೇ ಇಲ್ಲ. ಸಹಿ ಇಲ್ಲವೆಂದು ಅವರು ಗಾಬರಿಯಾಗುವುದಿಲ್ಲ. ಅಲಗಿನ ಉದ್ದ, ಅಗಲ, ಬಾಗು ನೋಡಿ ಕಾಲ ಹೇಳುತ್ತಾರೆ: 14ನೇ ಶತಮಾನದ ನಡುವಿನದಾದರೆ ಅಗಲವಾಗಿ, ತೆಳುವಾಗಿ, ಚೂರು ಬಾಗಿರುತ್ತದೆ. ಬಾಯಿಯ ಉದ್ದಕ್ಕೂ ಬಿಳಿಗೆರೆ ನೆಟ್ಟಗಿದೆಯೋ, ಲವಂಗದ ಮೊಗ್ಗಿನ ಹಾಗೆ ಏರಿಳಿದಿದೆಯೋ ನೋಡಿ ಪರಂಪರೆ ಹೇಳುತ್ತಾರೆ. ಯಾಮಾತೊ, ಯಾಮಾಶಿರೊ, ಬಿಝೆನ್, ಸೋಶು, ಮಿನೊ ಎಂದು ಐದು ದೊಡ್ಡ ಪರಂಪರೆಗಳು. ಇನ್ನು ಹಿಡಿಯೊಳಗೆ ಅಡಗಿರುವ ಅಲಗಿನ ಬುಡವನ್ನು ಅವರು ಉಜ್ಜುವುದೇ ಇಲ್ಲ. ಅಲ್ಲಿಯ ತುಕ್ಕಿನ ಬಣ್ಣವೇ ವಯಸ್ಸಿಗೆ ಸಾಕ್ಷಿ. ಸುಳ್ಳು ಸಹಿ ಕೆತ್ತಿದ ಅಲಗಿಗಿಂತ ಸಹಿಯೇ ಇಲ್ಲದ್ದಕ್ಕೆ ಅವರಲ್ಲಿ ಮರ್ಯಾದೆ ಹೆಚ್ಚು.

ನಮ್ಮಲ್ಲಿ? ಮೊದಲು ಸಾಕ್ಷಿಯನ್ನು ಉಜ್ಜಿ ತೆಗೆಯುತ್ತೇವೆ, ಆಮೇಲೆ ಸಹಿ ಹಾಕಿಸುತ್ತೇವೆ.

"ಟಿಪ್ಪು ಕತ್ತಿ ಕೋಟಿಗಟ್ಲೆಗೆ ಹೋಗೈತೆ ಅತ್ತಿಗೆ" ಎನ್ನುತ್ತಾನೆ ಮೈದುನ. ಹೋಗಿದೆ, ಇಲ್ಲವೆನ್ನುವುದಿಲ್ಲ. 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ ಒಂದು ಕೋಟಿ ನಲವತ್ತು ಲಕ್ಷ ಪೌಂಡಿಗೆ ಹೋಯಿತು. ಆದರೆ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಕತ್ತಿಯನ್ನು ಡೇವಿಡ್ ಬೇರ್ಡ್ ಎಂಬ ಸೇನಾಧಿಕಾರಿಗೆ ಕೊಟ್ಟದ್ದಕ್ಕೆ ಬರಹವಿದೆ. ನಮ್ಮ ಕಠಾರಿಗೆ ಏನಿದೆ? ವ್ಯಾಪಾರಿಯ ಬಾಯಿ ಇದೆ.

ಇತಿಹಾಸ ಕಲಿಸಿ ನಿವೃತ್ತರಾದ ಮೇಷ್ಟರೊಬ್ಬರಿಗೆ ತೋರಿಸಿದೆ. ಅವರು ಅಲಗನ್ನು ನೋಡಲೇ ಇಲ್ಲ ಎನ್ನಬೇಕು. ನನ್ನ ಕೈ ಹೋಗದ ಮೂಲೆಗಳನ್ನು ನೋಡಿದರು: ಅಡ್ಡಪಟ್ಟಿ ಕೂಡುವ ಸಂದು, ಅಲಗನ್ನು ಹಿಡಿಗೆ ಸೇರಿಸಿದ ಮೊಳೆಗಳ ಸುತ್ತ. ಅಲ್ಲಿ ಕಪ್ಪಗೆ ಹಳೆಯ ತುಕ್ಕು ಉಳಿದಿತ್ತು. ವಿಜಯನಗರದ ಕಾಲದ ಕಠಾರಿಗಳಲ್ಲಿ ಕೈ ಮುಚ್ಚುವ ಹಾಗೆ ಹರಡಿದ ಕಬ್ಬಿಣದ ಹಾಳೆ ಇರುವುದುಂಟು, ಇದರಲ್ಲಿ ಇಲ್ಲ. ಚಿನ್ನದ ಗೆರೆ ಕೂರಿಸಿದ ಗುರುತಿಲ್ಲ, ಅಕ್ಷರವಿಲ್ಲ. "ಸುಮಾರು 18ನೇ ಶತಮಾನದ್ದು, ನಮ್ಮ ಕಡೆಯದೇ ಇರಬೇಕು. ಇದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾಗುತ್ತೆ. ಹೇಳಬೇಕಾದ್ದನ್ನು ನೀವು ತೊಳೆದುಬಿಟ್ಟಿದ್ದೀರಲ್ಲ ತಾಯಿ" ಅಂದರು. ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

13ನೇ ಶತಮಾನದ ಸೋಮನಾಥಪುರದಲ್ಲಿ ಮೂರ್ತಿ ಕೆತ್ತಿದ ಮಲ್ಲಿತಮ್ಮ ಕಲ್ಲಿನ ಮೇಲೆ ತನ್ನ ಹೆಸರು ಬರೆದುಕೊಂಡ. ನಮ್ಮ ಕಠಾರಿ ಬಡಿದ ಕಮ್ಮಾರ ಬರೆದುಕೊಳ್ಳಲಿಲ್ಲ. ಅವನ ಕೈಗುರುತು ಅಂತ ಇದ್ದದ್ದು ಆ ಅಲೆಯೊಂದೇ. ಅದನ್ನು ನಾನು ತೆಗೆದೆ. ಈಗ ಅದೇ ಜಾಗದಲ್ಲಿ, ಇದನ್ನು ಕಣ್ಣಿಂದಲೂ ನೋಡಿರದ ಒಬ್ಬ ದೊರೆಯ ಹೆಸರು ಕೊರೆಯುವುದೇ? ಟಿಪ್ಪುವಿಗೂ ಅದು ಅವಮಾನ. ಅವನ ಆಯುಧಗಳಿಗೆ ನನ್ನ ತೆಂಗಿನ ನಾರಿನ ಗೀರು ಬೇಕಾಗಿಲ್ಲ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಇರಬಹುದು. ಗಂಡಸರು ಅದರ ಕತೆ ಹೇಳುತ್ತಾರೆ, ಉಜ್ಜುವವರು ನಾವು. ದಯವಿಟ್ಟು ಉಜ್ಜಬೇಡಿ. ಒಣಬಟ್ಟೆಯಲ್ಲಿ ಒರೆಸಿ, ಹೊಲಿಗೆ ಮಿಷನ್ನಿಗೆ ಬಿಡುವ ಎಣ್ಣೆಯನ್ನು ಒಂದು ಹನಿ ಸವರಿ ಸಾಕು. ಒದ್ದೆ ಕುಂಕುಮ, ನಿಂಬೆಹಣ್ಣು ತಟ್ಟೆಗಿರಲಿ, ಕಬ್ಬಿಣಕ್ಕೆ ಬೇಡ. ದೇವಿ ಕೋಪಿಸಿಕೊಳ್ಳುವುದಿಲ್ಲ. ಅತ್ತೆಯರ ವಿಷಯ ನಾನು ಹೇಳಲಾರೆ.

ಹೋದ ನವರಾತ್ರಿಯಲ್ಲಿ ಹಾಗೆಯೇ ಮಾಡಿದೆ. ಮೈದುನ ಪೂಜೆಗೆ ಬಂದವನು ತಟ್ಟೆ ನೋಡಿ, "ಏನತ್ತಿಗೆ, ಈ ಸಲ ಮಂಕಾಗೈತಲ್ಲ?" ಎಂದ. ಮಂಗಳಾರತಿ ತಟ್ಟೆಯನ್ನು ಅವನ ಮುಂದೆ ಹಿಡಿದೆ. ಕಠಾರಿ ಈಗ ನನ್ನ ಬೀರುವಿನಲ್ಲಿದೆ. ಕೀ ನನ್ನ ಸೊಂಟದಲ್ಲಿದೆ.