ವಿಕಿರಣದ ನೆಲೆ ತೋರುವ ಕಣ್ಣು

ಅಣುವಿಕಿರಣದಿಂದ ನೆಲ ಕೆಟ್ಟಾಗ ರೈತನಿಗೆ ಎರಡು ಪ್ರಶ್ನೆಗಳಿರುತ್ತವೆ: ಅದು ಎಷ್ಟಿದೆ? ಎಲ್ಲಿದೆ? ಗೈಗರ್ ಕೌಂಟರ್ ಮೊದಲನೆಯದಕ್ಕೆ ಉತ್ತರಿಸುತ್ತದೆ. ಎರಡನೆಯದನ್ನು ತಿಳಿಯಲು ಅದನ್ನು ಹಿಡಿದು ಹೆಜ್ಜೆಹೆಜ್ಜೆಗೂ ಅಳೆಯುತ್ತ ನಡೆಯಬೇಕು.

ಎರಡನೆಯ ಪ್ರಶ್ನೆಯ ಬೆಲೆ ಏನೆಂಬುದನ್ನು ಜಪಾನಿನ ಫುಕುಶಿಮಾ ತೋರಿಸಿದೆ. 2011ರ ಅಣುಸ್ಥಾವರ ದುರಂತದಲ್ಲಿ ಹರಡಿದ ಸೀಸಿಯಂ ಜೇಡಿಯ ಕಣಗಳಿಗೆ ಬಿಗಿಯಾಗಿ ಅಂಟಿ ಮೇಲ್ಪದರದಲ್ಲಿಯೇ ಉಳಿಯಿತು. ಅದನ್ನು ತೆಗೆಯಲು ಹೊಲಗದ್ದೆಗಳನ್ನು ಸುಮಾರು 5 ಸೆಂಟಿಮೀಟರ್ ಆಳಕ್ಕೆ ಕೆರೆಯಲಾಯಿತು. ತಲೆಮಾರುಗಳ ಕಾಲ ಗೊಬ್ಬರ ಉಂಡ ಮಣ್ಣೂ ಅದರೊಡನೆ ಹೋಯಿತು. ಹೀಗೆ ತೆಗೆದು ಸಾಗಿಸಿದ ಮಣ್ಣು ಮತ್ತು ತ್ಯಾಜ್ಯ 1.3 ಕೋಟಿ ಘನಮೀಟರನ್ನು ಮೀರಿದೆ. ಕಾಡಿನಲ್ಲಾದರೋ, ಮನೆಗಳಿಗೆ ಹೊಂದಿದ ಸುಮಾರು 20 ಮೀಟರ್ ಅಂಚನ್ನು ಬಿಟ್ಟರೆ ಬಹುಭಾಗವನ್ನು ಮುಟ್ಟಲೇ ಇಲ್ಲ. ವಿಕಿರಣದ ನೆಲೆಯನ್ನು ಎಷ್ಟು ನಿಖರವಾಗಿ ಗುರುತಿಸಬಲ್ಲೆವೋ ಅಷ್ಟು ಮಣ್ಣು ಉಳಿದೀತು.

ಈ ದಿಕ್ಕಿನಲ್ಲಿ ಅರೆವಾಹಕಗಳ ಸಂಶೋಧನೆ ಗಮನಾರ್ಹವಾಗಿದೆ. 1923ರಲ್ಲಿ ಆರ್ಥರ್ ಕಾಂಪ್ಟನ್ ವಿವರಿಸಿದಂತೆ, ಗಾಮಾ ಕಿರಣವು ಎಲೆಕ್ಟ್ರಾನಿಗೆ ಬಡಿದು, ತನ್ನ ಶಕ್ತಿಯ ಒಂದು ಪಾಲನ್ನು ಅದಕ್ಕಿತ್ತು, ಹಾದಿ ಬದಲಿಸಿ ಸಾಗುತ್ತದೆ. ಇಬ್ಬರ ಶಕ್ತಿಯನ್ನೂ ಬಡಿದ ಸ್ಥಳಗಳನ್ನೂ ಅಳೆದರೆ ಕಿರಣ ತಿರುಗಿದ ಕೋನ ಸಿಗುತ್ತದೆ. ಅದು ಬಂದ ದಿಕ್ಕು ಸಿಗದು. ಒಂದು ವೃತ್ತದ ಮೇಲಿನ ಯಾವ ಬಿಂದುವಿನಿಂದಲಾದರೂ ಅದು ಬಂದಿರಬಹುದು. ಎಲೆಕ್ಟ್ರಾನು ಮೊದಲು ಯಾವ ಕಡೆಗೆ ಚಿಮ್ಮಿತೆಂದು ತಿಳಿದರೆ ಆ ವೃತ್ತ ಚಿಕ್ಕದೊಂದು ಕಮಾನಿಗೆ ಇಳಿಯುತ್ತದೆ. ಆಗ ಕೆಲವೇ ಕಿರಣಗಳಿಂದಲೂ ಸ್ಪಷ್ಟ ಚಿತ್ರ ಮೂಡಬಲ್ಲದು.

ಸಾಮಾನ್ಯ ಶೋಧಕಕ್ಕೆ ಎಲೆಕ್ಟ್ರಾನಿನ ಓಟವೆಲ್ಲ ಒಂದೇ ಚುಕ್ಕೆ. ಅಮೆರಿಕದ ಬರ್ಕ್ಲಿಯ ವಿಜ್ಞಾನಿಗಳು ಸುಮಾರು 10 ಮೈಕ್ರಾನ್ ಅಗಲದ ಚೌಕಗಳುಳ್ಳ ಸಿಲಿಕಾನ್ ಬಿಲ್ಲೆಯಲ್ಲಿ ಆ ಅಂಕುಡೊಂಕು ಜಾಡನ್ನೇ ಕಂಡಿದ್ದಾರೆ. ಓಟ ಮುಗಿಯುವಲ್ಲಿ ಎಲೆಕ್ಟ್ರಾನು ಹೆಚ್ಚು ಶಕ್ತಿ ಚೆಲ್ಲುತ್ತದೆ. ಆದ್ದರಿಂದ ಮಸುಕಾದ ತುದಿಯೇ ಆರಂಭ.

ಮಿತಿಗಳೂ ಇವೆ. ಕಡಿಮೆ ಶಕ್ತಿಯ ಎಲೆಕ್ಟ್ರಾನು ಬೇಗನೆ ದಾರಿ ತಿರುಗುವುದರಿಂದ ಮೂಲ ದಿಕ್ಕು ಅಸ್ಪಷ್ಟವಾಗುತ್ತದೆ. ಇಂಥ ಬಿಲ್ಲೆಗಳಿಂದ ಮಾಹಿತಿ ಹೊರತೆಗೆಯುವುದೂ ನಿಧಾನ. ಎಲ್ಲಕ್ಕಿಂತ ಮುಖ್ಯವಾಗಿ, ಇದು ಗಾಮಾ ಕಿರಣವನ್ನು ಮಾತ್ರ ಕಾಣುವ ಕಣ್ಣು. 2009ರ ನವೆಂಬರಿನಲ್ಲಿ ಬೆಳಕಿಗೆ ಬಂದ ಕೈಗಾ ಪ್ರಕರಣದಲ್ಲಿ ಕುಡಿಯುವ ನೀರಿನ ಮೂಲಕ ನೌಕರರ ದೇಹ ಸೇರಿದ್ದು ಟ್ರಿಟಿಯಂ. ಅದು ಗಾಮಾ ಕಿರಣವನ್ನೇ ಸೂಸದು. ಮೂತ್ರ ಮತ್ತು ನೀರಿನ ಪರೀಕ್ಷೆಯೇ ಅದಕ್ಕೆ ಸಾಕ್ಷಿ. ಆದ್ದರಿಂದ ಚಿತ್ರದಲ್ಲಿ ಕಾಣಲಿಲ್ಲವೆಂದರೆ ಅಪಾಯವೇ ಇಲ್ಲವೆಂದಲ್ಲ.

ಈ ಉಪಕರಣ ಬೆಳೆಯಬೇಕು, ಅಗ್ಗವಾಗಬೇಕು, ಪ್ರಯೋಗಾಲಯ ದಾಟಿ ಹೊಲಕ್ಕೆ ಬರಬೇಕು. ಆದರೆ ಅದು ತೆಗೆದ ಚಿತ್ರ ಅಧಿಕಾರಿಯ ಕಡತದೊಳಗೆ ಮಲಗಿದರೆ ಫಲವೇನು? ಸ್ಥಾವರದ ನೆರೆಯಲ್ಲಿ ಬಾಳುವ ಹಳ್ಳಿಗರು ಅದನ್ನು ನೋಡಲು, ಪ್ರಶ್ನಿಸಲು ಹಕ್ಕುಳ್ಳವರಾಗಬೇಕು. ಆ ಹಕ್ಕನ್ನು ಬಳಸಬೇಕಾದರೆ ಕಿರಣಗಳ ಈ ವಿದ್ಯೆಯನ್ನು ನಮ್ಮ ವಿದ್ಯಾರ್ಥಿಗಳು ಇಂದೇ ಕಲಿಯತೊಡಗಲಿ.