ಬಾಗಿಲು ಮುಚ್ಚಿದ ಲಾಡ್ಜು, ಬಾಯಿ ಮುಚ್ಚದ ಊರು

ದಾವಣಗೆರೆಯಲ್ಲಿ ಲಾಡ್ಜು ಎಂದರೆ ಜನಕ್ಕೆ ಗೊತ್ತಿರುವುದು ಒಂದೇ. ಬಸ್ ಸ್ಟ್ಯಾಂಡಿನ ಸುತ್ತಮುತ್ತ, ಪಿ.ಬಿ. ರಸ್ತೆಯ ಉದ್ದಕ್ಕೆ ಬೋರ್ಡು ಹಾಕಿಕೊಂಡು ನಿಂತಿರುವ, ಪೇಟೆಗೆ ವ್ಯಾಪಾರಕ್ಕೆ ಬಂದವರು, ಆಸ್ಪತ್ರೆಗೆ ಬಂದವರು ರಾತ್ರಿ ಕಳೆಯುವ ಜಾಗ. ಬೆಳಗಾದರೆ ಬಾಡಿಗೆ ಕೊಟ್ಟು, ಬೆಣ್ಣೆ ದೋಸೆ ತಿಂದು ಊರಿನ ಬಸ್ಸು ಹತ್ತುತ್ತಾರೆ. ಅದರಲ್ಲಿ ಗುಟ್ಟೇನೂ ಇಲ್ಲ.

ಇನ್ನೊಂದು ತರಹದ ಲಾಡ್ಜು ಇದೆ. ಅಲ್ಲಿ ಹಾಸಿಗೆಯೂ ಇಲ್ಲ, ಬಾಡಿಗೆಯೂ ಇಲ್ಲ. ಬೆಂಗಳೂರಿನ ರೆಸಿಡೆನ್ಸಿ ರಸ್ತೆಯಲ್ಲಿ, ಅಂದರೆ ಈಗಿನ ಫೀಲ್ಡ್ ಮಾರ್ಷಲ್ ಕಾರಿಯಪ್ಪ ರಸ್ತೆಯಲ್ಲಿ, ಅಂಥದಕ್ಕೆ ದೊಡ್ಡ ಕಟ್ಟಡವೇ ಇದೆ. ಫ್ರೀಮೇಸನ್ನರ ಹಾಲ್. ಗೋಡೆಯ ಮೇಲೆ ಕೈವಾರ ಮತ್ತು ಮೂಲೆಮಟ್ಟದ ಗುರುತು. ಕೋರ್ಟು ಕೆಲಸಕ್ಕೋ ಮದುವೆಗೋ ಬೆಂಗಳೂರಿಗೆ ಹೋದ ಮಧ್ಯ ಕರ್ನಾಟಕದ ಮನುಷ್ಯ ಅದನ್ನು ಕಂಡು ಬಂದರೆ ಸಾಕು, ಸಂಜೆ ಮಂಡಕ್ಕಿ ಮಿರ್ಚಿ ಅಂಗಡಿಯ ಮುಂದೆ ಪಂಚಾಯ್ತಿ ಶುರು.

“ಒಳಗೆ ಬಿಡೋವಾಗ ಕಣ್ಣಿಗೆ ಬಟ್ಟೆ ಕಟ್ತಾರಂತೆ.”

“ಕೊಳ್ಳಿಗೆ ಹಗ್ಗಾನೂ ಹಾಕ್ತಾರಂತಲ್ಲೋ.”

“ಒಂದ್ಸಲ ಸೇರಿದ್ರೆ ಮುಗೀತಂತೆ, ಸಾಯೋತನಕ ಹೊರಗ್ ಬರೋ ಹಂಗಿಲ್ಲಂತೆ.”

“ದೊಡ್ಡ ದೊಡ್ಡ ಸಾಹೇಬ್ರೆಲ್ಲ ಅದ್ರಾಗೇ ಇದ್ದಾರಂತೆ. ಅವರವರೇ ಕೈಕುಲುಕಿ ಕೆಲ್ಸ ಮಾಡ್ಕೋತಾರಂತೆ.”

ಇಡೀ ಮಾತಿನಲ್ಲಿ ‘ಅಂತೆ’ ತೆಗೆದರೆ ಉಳಿಯುವುದೆಷ್ಟು? ಆದರೆ ಅಂತೆಕಂತೆಯನ್ನು ನಕ್ಕು ತಳ್ಳಿಹಾಕುವಂತೆಯೂ ಇಲ್ಲ. ಅದರೊಳಗೆ ಅರ್ಧ ನಿಜವಿದೆ, ಅರ್ಧ ಭಯವಿದೆ, ಜೊತೆಗೆ ಸಾಮಾನ್ಯ ಮನುಷ್ಯನ ಒಂದು ನ್ಯಾಯವಾದ ಪ್ರಶ್ನೆಯೂ ಇದೆ. ಮೂರನ್ನೂ ಬೇರೆ ಬೇರೆ ಮಾಡಿ ನೋಡಬೇಕು.

ಗುಟ್ಟು ಎಷ್ಟು, ಸುಳ್ಳು ಎಷ್ಟು?

ಮೇಸನ್ ಎಂದರೆ ಕಲ್ಲು ಕಡಿದು ಗೋಡೆ ಕಟ್ಟುವವನು, ನಮ್ಮ ಗಾರೆ ಕೆಲಸದವನ ಅಣ್ಣ. ಯೂರೋಪಿನ ಕಲ್ಲುಕುಟಿಗರ ಸಂಘಗಳ ಹೆಸರು, ಸಲಕರಣೆಗಳನ್ನು ಹಿಡಿದುಕೊಂಡು, ಕಲ್ಲು ಮುಟ್ಟದ ಶ್ರೀಮಂತರು, ವಿದ್ಯಾವಂತರು ಕಟ್ಟಿಕೊಂಡ ಬಳಗ ಇದು. 1717ರ ಜೂನ್ 24ರಂದು ಲಂಡನ್ನಿನ ಒಂದು ಹೋಟೆಲಿನಲ್ಲಿ ಇದರ ಮೊದಲ ದೊಡ್ಡ ಲಾಡ್ಜು ಹುಟ್ಟಿತೆಂದು ಅವರದೇ ಲೆಕ್ಕ. ಹದಿಮೂರು ವರ್ಷ ಕಳೆಯುವಷ್ಟರಲ್ಲಿ ಅದು ಕಲ್ಕತ್ತೆಗೆ ಬಂದಿತ್ತು. ಆಮೇಲೆ ಬಿಳಿಯರ ದಂಡುಗಳ ಜೊತೆ ಊರೂರು ಸುತ್ತಿತು. ಬೆಂಗಳೂರಿಗೂ ದಂಡಿನ ದಾರಿಯಲ್ಲೇ ಬಂತು. ಹರಿಹರದ ಪಕ್ಕದಲ್ಲೂ 1865ರವರೆಗೆ ಪಲ್ಟನ್ನು ಬೀಡುಬಿಟ್ಟಿದ್ದನ್ನು ನೆನೆದರೆ, ದಂಡು ಎಂಬುದು ಈ ಸೀಮೆಗೂ ದೂರದ ಮಾತಲ್ಲ. ಕಾವಲುಗಾರ ಬಾಗಿಲಲ್ಲಿ, ಸಾಹೇಬರು ಒಳಗೆ, ಊರವರು ಬೇಲಿಯಾಚೆ. ಉತ್ತರ ಹಿಂದುಸ್ತಾನದ ಜನ ಇಂಥ ಕಟ್ಟಡಕ್ಕೆ ‘ಜಾದೂಘರ್’ ಎಂದು ಹೆಸರಿಟ್ಟರು. ಇಡದೆ ಏನು ಮಾಡಿಯಾರು?

ಇನ್ನು ಕಣ್ಣಿಗೆ ಬಟ್ಟೆ, ಕೊರಳಿಗೆ ಹಗ್ಗ. ಇದು ನಿಜ. ಹೊಸಬನನ್ನು ಸೇರಿಸಿಕೊಳ್ಳುವಾಗ ಹಾಗೆ ಮಾಡುವ ಪದ್ಧತಿ ಇದೆ. ಆದರೆ ಇದೊಂದು ಗುಟ್ಟೇ? 1730ರಲ್ಲೇ ಸ್ಯಾಮ್ಯುಯೆಲ್ ಪ್ರಿಚರ್ಡ್ ಎಂಬಾತ ಲಂಡನ್ನಿನಲ್ಲಿ ಇವರ ಆಚರಣೆಗಳನ್ನೆಲ್ಲ ಪುಸ್ತಕ ಮಾಡಿ ಮಾರಿಬಿಟ್ಟ. ಸುಮಾರು ಮುನ್ನೂರು ವರ್ಷದಿಂದ ಅಂಗಡಿಯಲ್ಲಿ ಸಿಗುವ ಗುಟ್ಟು! ಸೇರಿದವನು ರಾಜೀನಾಮೆ ಕೊಟ್ಟು ಹೊರಬರಬಹುದು. ದೇವರೊಬ್ಬನಿದ್ದಾನೆಂದು ನಂಬಿರಬೇಕು, ಲಾಡ್ಜಿನೊಳಗೆ ರಾಜಕೀಯವನ್ನೂ ಮತದ ಜಗಳವನ್ನೂ ತರಬಾರದು ಎಂಬುದು ನಿಯಮ. ಹಿಂದುಸ್ತಾನದ ಲಾಡ್ಜುಗಳಲ್ಲಿ ಗೀತೆ, ಕುರಾನು, ಬೈಬಲ್ಲು ಒಂದೇ ಪೀಠದ ಮೇಲೆ ಕೂಡುತ್ತವೆ. 1961ರ ನವೆಂಬರಿನಲ್ಲಿ ದೇಶಕ್ಕೇ ಪ್ರತ್ಯೇಕವಾಗಿ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಆಯಿತು. ಕರ್ನಾಟಕದ ಲಾಡ್ಜುಗಳು ಅದರ ದಕ್ಷಿಣ ವಿಭಾಗಕ್ಕೆ, ಅಂದರೆ ಚೆನ್ನೈ ಕಚೇರಿಗೆ ಸೇರಿದವು. ಸ್ವಾಮಿ ವಿವೇಕಾನಂದರು ಸಂನ್ಯಾಸಕ್ಕೆ ಮೊದಲು, 1884ರಲ್ಲಿ, ಕಲ್ಕತ್ತೆಯ ಲಾಡ್ಜೊಂದನ್ನು ಸೇರಿದ್ದರು. ಮೋತಿಲಾಲ್ ನೆಹರೂ ಕೂಡ ಮೇಸನ್. ಇವರೆಲ್ಲ ದೇಶ ಮಾರಿದವರೇ?

ಹಾಗೆ ನೋಡಿದರೆ ಗುಟ್ಟು ಎಂಬುದು ಪರದೇಶದ ಸರಕೇನೂ ಅಲ್ಲ. ಗುರು ಶಿಷ್ಯನ ಕಿವಿಯಲ್ಲಿ ಮಂತ್ರ ಹೇಳುವುದನ್ನು ಈ ನಾಡಿನವರು ಅನುಮಾನದಿಂದ ನೋಡಿದ್ದುಂಟೇ? 1942ರಲ್ಲಿ ಪಕ್ಕದ ಶಿಕಾರಿಪುರ ತಾಲ್ಲೂಕಿನ ಈಸೂರಿನವರು ಸ್ವರಾಜ್ಯ ಸಾರಿದಾಗ ತಲೆಮರೆಸಿಕೊಂಡವರಿಗೆ ಅನ್ನ ಹಾಕಿ ಬಾಯಿ ಬಿಡದವರನ್ನು ಜನ ಹೊಗಳಿದರೇ ಹೊರತು ತೆಗಳಲಿಲ್ಲ. ಗುಟ್ಟು ಯಾರ ವಿರುದ್ಧ, ಯಾರ ಹಿತಕ್ಕೆ ಎಂಬುದರ ಮೇಲೆ ಅದರ ಬೆಲೆ.

ಸಂಶಯ ಕೆಟ್ಟರೆ ಏನಾಗುತ್ತದೆ?

ಬಾಗಿಲು ಮುಚ್ಚಿದ ಕಡೆಯೆಲ್ಲ ನರಬಲಿ ಕಾಣುವುದು ಜನರ ಹಳೆಯ ಚಟ. ‘ಕೆರೆಗೆ ಹಾರ’ದ ಭಾಗೀರಥಿಯ ಕತೆ ಕೇಳಿ ಬೆಳೆದ ನಾಡಿನಲ್ಲಿ ಹೊಸ ಸೇತುವೆ ಏಳುವಾಗಲೆಲ್ಲ ಮಗುವನ್ನು ಬಲಿ ಕೊಟ್ಟರೆಂಬ ಪುಕಾರು ಹುಟ್ಟುತ್ತದೆ. 1990ರ ದಶಕದಲ್ಲಿ ರಾತ್ರಿ ಬಾಗಿಲು ಬಡಿಯುವ ದೆವ್ವಕ್ಕೆ ಹೆದರಿ ಮನೆಮನೆಯ ಮೇಲೆ ‘ನಾಳೆ ಬಾ’ ಎಂದು ಬರೆದದ್ದನ್ನು ಈಗ ನೆನೆದು ನಗಬಹುದು. 2018ರಲ್ಲಿ ನಡೆದದ್ದಕ್ಕೆ ನಗುವಂತಿಲ್ಲ. ಮಕ್ಕಳ ಕಳ್ಳರು ಬಂದಿದ್ದಾರೆಂಬ ಮೊಬೈಲ್ ಸುದ್ದಿ ನಂಬಿ ಆ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಒಬ್ಬನನ್ನು, ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಇನ್ನೊಬ್ಬನನ್ನು ಹೊಡೆದು ಕೊಂದರು. ಬೀದರದಲ್ಲಿ ಸತ್ತವನು ಹೈದರಾಬಾದಿನ ಇಂಜಿನಿಯರು. ಮಕ್ಕಳಿಗೆ ಚಾಕಲೇಟು ಕೊಟ್ಟದ್ದೇ ತಪ್ಪಾಯಿತು.

ಪರದೇಶದಲ್ಲೂ ಅಷ್ಟೆ. 1826ರಲ್ಲಿ ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದಲ್ಲಿ ಮೇಸನ್ನರ ಗುಟ್ಟು ಅಚ್ಚು ಹಾಕಿಸುತ್ತೇನೆಂದ ವಿಲಿಯಂ ಮಾರ್ಗನ್ ಎಂಬಾತ ಕಣ್ಮರೆಯಾದ. ಜನ ರೊಚ್ಚಿಗೆದ್ದರು, ಮೇಸನ್ ವಿರೋಧಿ ಪಕ್ಷವನ್ನೇ ಕಟ್ಟಿದರು. ಅಲ್ಲಿಯವರೆಗೆ ಅದು ನ್ಯಾಯ ಕೇಳುವ ಕೂಗು. ನೂರು ವರ್ಷದ ಮೇಲೆ ಜರ್ಮನಿಯಲ್ಲಿ ಹಿಟ್ಲರನ ಪಕ್ಷ ಅದೇ ಸಂಶಯವನ್ನು ಯೆಹೂದಿಗಳ ಮೇಲಿನ ದ್ವೇಷಕ್ಕೆ ಗಂಟುಹಾಕಿ, 1935ರಲ್ಲಿ ಲಾಡ್ಜುಗಳಿಗೆ ಬೀಗ ಜಡಿಯಿತು. ಜನರ ಅನುಮಾನವನ್ನು ತನ್ನ ಕತ್ತಿ ಮಾಡಿಕೊಳ್ಳುವವನು ಎಲ್ಲ ಕಾಲದಲ್ಲೂ ಕಾದು ಕೂತಿರುತ್ತಾನೆ.

ಹಾಗಾದರೆ ಜನ ಕೇಳುವುದೇ ತಪ್ಪೇ?

ಖಂಡಿತ ಅಲ್ಲ. ಇಟಲಿಯ ಕತೆ ಕೇಳಿದರೆ ಸಾಕು. 1981ರ ಮಾರ್ಚಿನಲ್ಲಿ ಪೊಲೀಸರು ಲಿಚಿಯೊ ಜೆಲ್ಲಿ ಎಂಬಾತನ ಜಾಗ ಶೋಧಿಸಿದಾಗ ‘ಪಿ-2’ ಎಂಬ ಲಾಡ್ಜಿನ ಪಟ್ಟಿ ಸಿಕ್ಕಿತು. 962 ಹೆಸರು. ಮಂತ್ರಿಗಳು, ಸೇನಾಧಿಕಾರಿಗಳು, ಬೇಹುಗಾರಿಕೆಯ ಮುಖ್ಯಸ್ಥರು, ಬ್ಯಾಂಕಿನವರು, ಪತ್ರಕರ್ತರು! ಎರಡು ತಿಂಗಳಲ್ಲಿ ಸರ್ಕಾರವೇ ಬಿತ್ತು. ಮರುವರ್ಷ ಕಾನೂನು ತಂದು ಆ ಲಾಡ್ಜನ್ನು ವಿಸರ್ಜಿಸಿದರು. ಇಂಗ್ಲೆಂಡಿನಲ್ಲಿ 1998ರಿಂದ ಹೊಸದಾಗಿ ನೇಮಕವಾಗುವ ನ್ಯಾಯಾಧೀಶರು ತಾವು ಮೇಸನ್ನರೋ ಅಲ್ಲವೋ ಹೇಳಬೇಕೆಂದು ನಿಯಮ ಬಂತು, 2009ರಲ್ಲಿ ಕೈಬಿಟ್ಟರು. ಹರಿಹರದ ಆರೋಗ್ಯಮಾತೆಯ ಚರ್ಚಿಗೆ ಸೆಪ್ಟೆಂಬರ್ 8ರ ಹಬ್ಬದಲ್ಲಿ ಎಲ್ಲ ಮತದವರೂ ಮೊಂಬತ್ತಿ ಹಿಡಿದು ಹೋಗುತ್ತಾರೆ. ಆ ಚರ್ಚಿನ ಹಿರಿಯ ಪೀಠವಾದ ರೋಮು 1738ರಲ್ಲೇ ತನ್ನವರು ಮೇಸನ್ ಆಗಕೂಡದೆಂದು ವಿಧಿಸಿತು. 1983ರಲ್ಲೂ 2023ರಲ್ಲೂ ಅದನ್ನೇ ಮತ್ತೆ ಹೇಳಿತು. ಅಂದರೆ ಅನುಮಾನಪಟ್ಟವರು ಮಂಡಕ್ಕಿ ಅಂಗಡಿಯವರು ಮಾತ್ರವಲ್ಲ.

ಸಾಮಾನ್ಯನ ಪ್ರಶ್ನೆ ತಲೆಬುರುಡೆಯದ್ದಲ್ಲ, ಹಗ್ಗದ್ದೂ ಅಲ್ಲ. “ನನ್ನ ಅರ್ಜಿ ನೋಡೋ ಸಾಹೇಬರು, ನನ್ನ ಎದುರಾಳಿ, ಇಬ್ರೂ ರಾತ್ರಿ ಒಂದೇ ಕಡೆ ಆಣೆ ಮಾಡಿ ಅಣ್ಣತಮ್ಮ ಅಂದ್ಕೊಂಡ್ರೆ ಬೆಳಿಗ್ಗೆ ನನಗೆ ನ್ಯಾಯ ಸಿಗ್ತದಾ?” ಇಷ್ಟೇ ಪ್ರಶ್ನೆ. ಇದಕ್ಕೆ ‘ನಾವು ದಾನಧರ್ಮ ಮಾಡ್ತೀವಿ’ ಎಂಬುದು ಉತ್ತರವಾಗದು. ದಾನ ಮಾಡಿದವನಿಗೆ ಪುಣ್ಯ ಬರಲಿ, ಲೆಕ್ಕ ಕೊಡುವುದು ತಪ್ಪುವುದಿಲ್ಲ.

ಅದೂ ಅಲ್ಲದೆ ಈ ಪ್ರಶ್ನೆ ಕೈವಾರದ ಗುರುತಿನವರಿಗೆ ಮಾತ್ರ ಏಕೆ? ಗುತ್ತಿಗೆ ಹಂಚುವ ಊಟದ ಮೇಜು, ಸೀಟು ಮಾತಾಡುವ ಒಳಕೋಣೆ, ಜಾತಿ ನೋಡಿ ಸಾಲ ಮಂಜೂರು ಮಾಡುವ ಸೊಸೈಟಿ, ‘ಮೆಂಬರಿಗೆ ಮಾತ್ರ’ ಎಂದು ಹೋಟೆಲಿನ ಮಹಡಿಯಲ್ಲಿ ಸಭೆ ಕರೆದು ದುಡ್ಡು ಎತ್ತುವ ಚೈನು ಸ್ಕೀಮು, ಇವಕ್ಕೆ ಯಾವ ಬೋರ್ಡೂ ಇಲ್ಲ, ಯಾವ ಮಂತ್ರವೂ ಇಲ್ಲ. ಹಣ ಸುತ್ತಿಸುವ ಇಂಥ ಸ್ಕೀಮುಗಳನ್ನು 1978ರ ಕಾಯ್ದೆಯೇ ನಿಷೇಧಿಸಿದೆ. ಆದರೂ ಹೆಸರು ಬದಲಿಸಿಕೊಂಡು ಬರುತ್ತಲೇ ಇವೆ. ಗಿರಣಿ ಕೆಲಸ ಮಾಡಿ ಮುದುಕಾದವನ ಗಂಟು ಕರಗಿಸುವುದು ತಲೆಬುರುಡೆಯಲ್ಲ, ನಗುನಗುತ್ತ ಮನೆಗೆ ಬರುವ ಪರಿಚಯದ ಏಜೆಂಟು. ಊರಿನ ಕಣ್ಣು ಜಾದೂಘರದ ಮೇಲಿದ್ದಷ್ಟು ಹೊತ್ತೂ ಇಂಥವರಿಗೆ ಸುಗ್ಗಿ.

ಮಾಡಬೇಕಾದದ್ದೇನು?

ಸಂಘ ಕಟ್ಟುವ ಹಕ್ಕನ್ನು ಸಂವಿಧಾನದ 19ನೆಯ ವಿಧಿಯೇ ಕೊಟ್ಟಿದೆ. ಅದನ್ನು ಕಿತ್ತುಕೊಳ್ಳುವುದು ಸಲ್ಲದು. ಆದರೆ ಕಾನೂನಿನ ಕೈಯಲ್ಲಿ ಬೇಕಾದಷ್ಟು ಬೆಳಕಿದೆ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಪ್ರಕಾರ ನೋಂದಾಯಿಸಿದ ಸಂಘ ಪ್ರತಿವರ್ಷ ಆಡಳಿತ ಮಂಡಳಿಯ ಪಟ್ಟಿಯನ್ನೂ ತಪಾಸಣೆಯಾದ ಲೆಕ್ಕವನ್ನೂ ರಿಜಿಸ್ಟ್ರಾರರಿಗೆ ಒಪ್ಪಿಸಬೇಕು. ಅನುಮಾನ ಬಂದರೆ 25ನೆಯ ಕಲಮಿನಂತೆ ರಿಜಿಸ್ಟ್ರಾರರು ತಾವಾಗಿಯೇ ವಿಚಾರಣೆ ನಡೆಸಬಹುದು. 2005ರಿಂದ ಮಾಹಿತಿ ಹಕ್ಕು ಇದೆ. ಹತ್ತು ರೂಪಾಯಿಯ ಅರ್ಜಿ ಹಾಕಿ ಕಚೇರಿಯಲ್ಲಿರುವ ಆ ಕಡತ ಕೇಳಬಹುದು. ಎಷ್ಟು ಜನ ಕೇಳಿದ್ದಾರೆ?

ಸಂಘದವರೂ ಒಂದು ಮಾತು ತಿಳಿಯಬೇಕು. ಒಳಗಿನ ಪೂಜೆ ನಿಮ್ಮದು, ಇಟ್ಟುಕೊಳ್ಳಿ. ಹೆಸರು, ಲೆಕ್ಕ, ಕಟ್ಟಡದ ಜಾಗದ ಕಾಗದ ಊರಿನ ಮುಂದಿಡಿ. ವರ್ಷಕ್ಕೊಂದು ದಿನ ಬಾಗಿಲು ತೆಗೆದು ಪಕ್ಕದ ಓಣಿಯವರನ್ನು ಕರೆದು ಒಂದು ಲೋಟ ಕಾಫಿ ಕೊಡಿ, ಅರ್ಧ ದೆವ್ವ ಅಲ್ಲೇ ಸಾಯುತ್ತದೆ. ಸರ್ಕಾರದ ಸಂಬಳ ತಿನ್ನುವವನು ಯಾವ ಬಳಗಕ್ಕೆ ಸೇರಿದ್ದಾನೋ, ತನ್ನ ಬಳಗದವನ ಕಡತ ಮುಂದೆ ಬಂದಾಗ ಬಾಯಿ ಬಿಟ್ಟು ಹೇಳಿ ಪಕ್ಕಕ್ಕೆ ಸರಿಯಲಿ. ಅದು ಮೇಸನ್ನನಿಗೂ ಒಂದೇ, ಜಾತಿ ಸಂಘದವನಿಗೂ ಒಂದೇ, ಕ್ಲಬ್ಬಿನವನಿಗೂ ಒಂದೇ.

ಹರಿಹರದ ಗುಡಿಯಲ್ಲಿ ಹರನೂ ಹರಿಯೂ ಒಂದೇ ಮೂರ್ತಿಯಾಗಿ ನಿಂತು ಎಂಟುನೂರು ವರ್ಷವಾಯಿತು. ಆ ಅಣ್ಣತಮ್ಮಂದಿರಿಗೆ ಗುಟ್ಟಿನ ಕೈಕುಲುಕು ಬೇಕಾಗಲಿಲ್ಲ. ಬಾಗಿಲು ತೆಗೆದೇ ಇದೆ, ಯಾರು ಬೇಕಾದರೂ ನೋಡಬಹುದು. ಬಂಧುತ್ವವನ್ನು ಹೇಳಿಕೊಳ್ಳುವವರು ಅಷ್ಟಾದರೂ ಕಲಿಯಲಿ. ಅಂತೆಕಂತೆ ಹೇಳುವವರು ಕಲ್ಲು ಕೆಳಗಿಟ್ಟು ಒಂದು ಅರ್ಜಿ ಬರೆಯಲಿ.